ಶಾಖದ ಚಿತ್ರ ಮತ್ತು ನಮ್ಮ ಮನೆಯ ಹೆಣ್ಣುಮಕ್ಕಳು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಮಹಿಳಾ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂದರ್ಭದಲ್ಲಿ ಅಡಿಕೆ ದರದ ಬಗ್ಗೆ ಮಾತಾಡು ಎಂದು ಅಧ್ಯಕ್ಷರು ನನಗೆ ಹೇಳಿದ್ದರು. ನಾನೇ ಕೇಳಿಕೊಂಡು ಈ ವಿಷಯ ತೆಗೆದುಕೊಂಡೆ. ಇಬ್ಬರು ಮೂವರು ಸ್ನೇಹಿತರು ನಕ್ಕರು. "ಎಸ್.ಎಸ್.ಎಲ್.ಸಿ. ಓದಿದ ತೋಟಿಗ, ಅದರಲ್ಲೂ ಗಂಡಸು, ಹೆಂಗಸರ ಎದೆಯ ಕಾಯಿಲೆ ಬಗ್ಗೆ ಎಂತ ಹೇಳ್ತೀಯಾ?" ಎಂದರು. ಅವರ ಮಾತು ಸುಳ್ಳಲ್ಲ. ನಾನು ಡಾಕ್ಟರಲ್ಲ. ಓದಿ, ಕೇಳಿ, ಡಾಕ್ಟರರ ಹತ್ತಿರ ನಾಲ್ಕು ಸಲ ಹೋಗಿ ತಿಳಿದುಕೊಂಡದ್ದನ್ನು ಹೇಳುತ್ತೇನೆ. ಆದರೆ ಗಂಡಸರು ಈ ವಿಷಯ ಮಾತಾಡಬಾರದು ಎಂಬ ಸಂಕೋಚದಿಂದಲೇ ನಮ್ಮ ಮನೆಯಲ್ಲಿ ಒಂದು ಜೀವ ಹೋಯಿತು. ಹಾಗಾಗಿ ಇವತ್ತು ಸಂಕೋಚ ಬಿಟ್ಟು ಮಾತಾಡುತ್ತೇನೆ.

ಅಣ್ಣನ ಹೆಂಡತಿ, ನನ್ನ ಅತ್ತಿಗೆ. ನಾನು ಹೈಸ್ಕೂಲಿಗೆ ಹೋಗುವಾಗ ಬುತ್ತಿ ಕಟ್ಟಿ ಕೊಟ್ಟವರು. ಒಂದು ವರ್ಷ ಕೊಯ್ಲಿನ ಸಮಯ. ರಾತ್ರಿ ಎಲ್ಲರೂ ಸಾಲಾಗಿ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತಿದ್ದೆವು. ಅತ್ತಿಗೆ ಎಡಗೈ ಎತ್ತಲಿಕ್ಕಾಗದೆ ಒದ್ದಾಡುವುದನ್ನು ನನ್ನ ಹೆಂಡತಿ ನೋಡಿದಳು. ಒಳಗೆ ಕರೆದುಕೊಂಡು ಹೋಗಿ ಕೇಳಿದಾಗ ಸಂಗತಿ ಹೊರಬಿತ್ತು. ಎದೆಯಲ್ಲಿ ಗಂಟು ಬಂದು ಹದಿನಾಲ್ಕು ತಿಂಗಳಾಗಿತ್ತು. ಮೊದಲು ಗೋಲಿಯಷ್ಟಿತ್ತಂತೆ. "ನೋವಿಲ್ಲೆ, ಎಂತಕ್ಕೆ ಹೋಪದು?" ಎಂದು ಸುಮ್ಮನಿದ್ದರಂತೆ. ಆಮೇಲೆ ಗಂಧ ತೇದು ಹಚ್ಚಿದರಂತೆ. ಮಗಳ ಮದುವೆ ಮುಗಿಯಲಿ, ಕೊಯ್ಲು ಮುಗಿಯಲಿ ಎಂದು ದಿನ ತಳ್ಳಿದರಂತೆ. ಹುಬ್ಬಳ್ಳಿಗೆ ಕರೆದೊಯ್ಯುವಾಗ ಕಾಯಿಲೆ ಕಂಕುಳು ದಾಟಿ ಮುಂದೆ ಹೋಗಿತ್ತು. ಒಂದೂವರೆ ವರ್ಷ ಎಲ್ಲ ಚಿಕಿತ್ಸೆ ಮಾಡಿಸಿದೆವು. ಉಳಿಯಲಿಲ್ಲ. ಡಾಕ್ಟರು ಅಣ್ಣನಿಗೆ ಹೇಳಿದ್ದು ಒಂದೇ ಮಾತು: "ಗೋಲಿಯಷ್ಟಿದ್ದಾಗ ಬಂದಿದ್ದರೆ ನಾನು ಬೇರೆ ಮಾತು ಹೇಳುತ್ತಿದ್ದೆ." ಅಣ್ಣ ಇವತ್ತಿಗೂ ಆ ಮಾತು ಮರೆತಿಲ್ಲ.

ಇದು ನಮ್ಮೊಬ್ಬರ ಮನೆಯ ಕಥೆ ಅಲ್ಲ. ನಮ್ಮ ದೇಶದಲ್ಲಿ ಹೆಂಗಸರಿಗೆ ಬರುವ ಕ್ಯಾನ್ಸರುಗಳಲ್ಲಿ ಸ್ತನ ಕ್ಯಾನ್ಸರೇ ಮೊದಲನೆಯದು. 2022ರ ಅಂತರರಾಷ್ಟ್ರೀಯ ಅಂದಾಜಿನ ಪ್ರಕಾರ ಭಾರತದಲ್ಲಿ ಆ ಒಂದು ವರ್ಷ ಸುಮಾರು 1 ಲಕ್ಷ 92 ಸಾವಿರ ಮಂದಿಗೆ ಈ ಕಾಯಿಲೆ ಹೊಸದಾಗಿ ಬಂತು, ಸುಮಾರು 98 ಸಾವಿರ ಮಂದಿ ತೀರಿಕೊಂಡರು. ಮುಂದುವರಿದ ದೇಶಗಳಲ್ಲಿ ಈ ಕಾಯಿಲೆ ಬಂದವರಲ್ಲಿ ಹೆಚ್ಚಿನವರು ಬದುಕುತ್ತಾರೆ. ನಮ್ಮಲ್ಲಿ ಇಷ್ಟು ಜನ ಸಾಯುವುದಕ್ಕೆ ಮುಖ್ಯ ಕಾರಣ ತಡವಾಗಿ ಆಸ್ಪತ್ರೆಗೆ ಹೋಗುವುದು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಆಗುತ್ತದೆ.

ನಮ್ಮ ಕೊಟ್ಟಿಗೆಯ ಒಂದು ಮಾತು ಹೇಳುತ್ತೇನೆ, ಯಾರೂ ತಪ್ಪು ತಿಳಿಯಬಾರದು. ಆಕಳು ಕರೆಯುವ ಮೊದಲು ಕೆಚ್ಚಲು ಮುಟ್ಟಿ ನೋಡುತ್ತೇವೆ. ಒಂದು ಕಡೆ ಬಿಸಿ ಹೆಚ್ಚಿದ್ದರೆ, ಗಟ್ಟಿ ಇದ್ದರೆ, ಕೆಚ್ಚಲು ಬಾವು ಶುರುವಾಯಿತು ಎಂದು ಆ ಕ್ಷಣವೇ ಗೊತ್ತಾಗುತ್ತದೆ. ಮಧ್ಯಾಹ್ನದೊಳಗೆ ಪಶುವೈದ್ಯರಿಗೆ ಫೋನು ಹೋಗುತ್ತದೆ. ದಿನಕ್ಕೆ ಎರಡು ಸಲ ಆಕಳನ್ನು ಪರೀಕ್ಷೆ ಮಾಡುವ ಅದೇ ಹೆಂಗಸು ತನ್ನ ಮೈಯನ್ನು ವರ್ಷಕ್ಕೊಮ್ಮೆಯೂ ನೋಡಿಕೊಳ್ಳುವುದಿಲ್ಲ. ನಾವು ಗಂಡಸರು ಕೇಳುವುದೂ ಇಲ್ಲ.

ಈಗ ಶಾಖದ ವಿಷಯಕ್ಕೆ ಬರುತ್ತೇನೆ. ಬಿಸಿ ಎಂಬುದು ಒಳಗಿನ ಕೆಲಸದ ಸುದ್ದಿ ಹೇಳುತ್ತದೆ. ಗೊಬ್ಬರದ ಗುಂಡಿಗೆ ಕೈ ಹಾಕಿದರೆ ಒಳಗೆ ಕೊಳೆಯುವ ಕೆಲಸ ನಡೆದಿದೆಯೋ ಇಲ್ಲವೋ ಬಿಸಿಯಲ್ಲೇ ಗೊತ್ತು. ಕ್ಯಾನ್ಸರಿನ ಗಡ್ಡೆಯೂ ಹಾಗೆಯೇ. ಅದರ ಜೀವಕೋಶಗಳು ಅವಸರದಲ್ಲಿ ಬೆಳೆಯುತ್ತವೆ. ಬೆಳೆಯಲು ರಕ್ತ ಬೇಕು. ಹಾಗಾಗಿ ಗಡ್ಡೆ ತನ್ನ ಸುತ್ತ ಹೊಸ ರಕ್ತನಾಳಗಳನ್ನು ಮಾಡಿಕೊಳ್ಳುತ್ತದೆ, ಇದ್ದ ನಾಳಗಳನ್ನೂ ಹಿಗ್ಗಿಸುತ್ತದೆ. ರಕ್ತ ಹೆಚ್ಚು ಹರಿದಲ್ಲಿ ಮೇಲಿನ ಚರ್ಮ ಸ್ವಲ್ಪ ಬೆಚ್ಚಗಾಗುತ್ತದೆ. ವ್ಯತ್ಯಾಸ ಒಂದು ಡಿಗ್ರಿಯ ಆಸುಪಾಸು. ನಮ್ಮ ಕೈಗೆ ಅದು ತಿಳಿಯುವುದಿಲ್ಲ. ಆದರೆ ನಮ್ಮೆಲ್ಲರ ಮೈಯಿಂದ ಕಣ್ಣಿಗೆ ಕಾಣದ ಶಾಖದ ಕಿರಣ ಸದಾ ಹೊರಬೀಳುತ್ತಿರುತ್ತದೆ. ಇಂಥ ಕಿರಣ ಇದೆ ಎಂದು 1800ರಲ್ಲಿ ಕಂಡುಹಿಡಿದವರು ಇಂಗ್ಲೆಂಡಿನಲ್ಲಿದ್ದ ವಿಲಿಯಂ ಹರ್ಷೆಲ್ ಎಂಬ ಖಗೋಳ ವಿಜ್ಞಾನಿ. ಆ ಕಿರಣವನ್ನು ಹಿಡಿದು, ಬಿಸಿ ಇದ್ದಲ್ಲಿ ಒಂದು ಬಣ್ಣ, ತಂಪಿದ್ದಲ್ಲಿ ಇನ್ನೊಂದು ಬಣ್ಣವಾಗಿ ತೋರಿಸುವ ಯಂತ್ರವೇ ಥರ್ಮಲ್ ಕ್ಯಾಮರಾ.

ಇದು ಹೊಸ ಯೋಚನೆ ಅಲ್ಲ. ಕೆನಡಾ ದೇಶದ ಡಾ. ರೇ ಲಾಸನ್ ಎಂಬವರು ಸ್ತನ ಕ್ಯಾನ್ಸರ್ ಇರುವ ಕಡೆ ಚರ್ಮ ಬೆಚ್ಚಗಿರುತ್ತದೆ ಎಂದು 1956ರಲ್ಲೇ ಬರೆದರು. ಎಲ್ಲರಿಗೂ ಆಸೆ ಹುಟ್ಟಿತು. ಅಮೆರಿಕದಲ್ಲಿ 1973ರಲ್ಲಿ ಶುರುವಾದ ದೊಡ್ಡ ತಪಾಸಣೆ ಯೋಜನೆಯಲ್ಲಿ ಮ್ಯಾಮೊಗ್ರಫಿ ಎಂಬ ಎಕ್ಸ್‌ರೇ ಪರೀಕ್ಷೆಯ ಜೊತೆ ಶಾಖದ ಚಿತ್ರವನ್ನೂ ಇಟ್ಟುಕೊಂಡರು. ಆದರೆ ಬಹಳಷ್ಟು ಕ್ಯಾನ್ಸರುಗಳು ಶಾಖದ ಚಿತ್ರಕ್ಕೆ ಸಿಗದೆ ತಪ್ಪಿಹೋದವು. ಕೆಲವೇ ವರ್ಷಗಳಲ್ಲಿ ಅದನ್ನು ಕೈಬಿಟ್ಟರು. ಆಗಿನ ಕ್ಯಾಮರಾ ಒರಟು, ಚಿತ್ರ ಓದುವವರೂ ಒಬ್ಬೊಬ್ಬರು ಒಂದೊಂದು ರೀತಿ ಓದುತ್ತಿದ್ದರು. ಬಿಸಿಗೆ ಬೇರೆ ಕಾರಣಗಳೂ ಇರುತ್ತವೆ. ಹಾಲೂಡಿಸುವ ತಾಯಿಗೆ ಬಿಸಿ, ಕೀವಾದರೆ ಬಿಸಿ, ತಿಂಗಳ ದಿನಗಳ ಲೆಕ್ಕದಲ್ಲೂ ಬಿಸಿ ಏರಿಳಿಯುತ್ತದೆ. ಇನ್ನು ಆಳದಲ್ಲಿರುವ, ನಿಧಾನ ಬೆಳೆಯುವ ಗಡ್ಡೆ ಮೇಲೆ ಬಿಸಿಯನ್ನೇ ತೋರಿಸದಿರಬಹುದು.

ಈ ಹಳೆಯ ಯೋಚನೆಗೆ ಹೊಸ ಜೀವ ಕೊಟ್ಟವರಲ್ಲಿ ನಮ್ಮ ಬೆಂಗಳೂರಿನವರೇ ಮುಂದೆ ಇದ್ದಾರೆ ಎನ್ನುವುದು ನಮಗೆ ಹೆಮ್ಮೆಯ ವಿಷಯ. ಡಾ. ಗೀತಾ ಮಂಜುನಾಥ್ ಎಂಬ ಕಂಪ್ಯೂಟರ್ ವಿಜ್ಞಾನಿ, ತಮ್ಮ ಹತ್ತಿರದ ಸಂಬಂಧದ ಹೆಣ್ಣುಮಕ್ಕಳಿಬ್ಬರಿಗೆ ಚಿಕ್ಕ ವಯಸ್ಸಿನಲ್ಲೇ ಈ ಕಾಯಿಲೆ ಬಂದದ್ದನ್ನು ಕಂಡು ಈ ಕೆಲಸಕ್ಕೆ ಇಳಿದರು. ನಿಧಿ ಮಾಥುರ್ ಎಂಬವರ ಜೊತೆ ಸೇರಿ 2016ರಲ್ಲಿ ನಿರಾಮಯ್ ಎಂಬ ಕಂಪನಿ ಆರಂಭಿಸಿದರು. ರೋಗವಿಲ್ಲದ ಸ್ಥಿತಿ ಎಂಬ ಅರ್ಥದ ಹೆಸರು ಅದು.

ಅವರ ಪರೀಕ್ಷೆ ಹೀಗೆ ನಡೆಯುತ್ತದೆ. ಪರದೆ ಹಾಕಿದ ಜಾಗ. ಹೆಂಗಸು ಕೆಲವು ನಿಮಿಷ ತಂಪಿನಲ್ಲಿ ಕೂರಬೇಕು, ಮೈಯ ಮೇಲಿನ ಹೊರಗಿನ ಬಿಸಿ ಇಳಿಯಲಿ ಎಂದು. ನಂತರ ಎದುರಿಗೆ ಸ್ವಲ್ಪ ದೂರದಲ್ಲಿ ಇಟ್ಟ ಕ್ಯಾಮರಾ ಎದುರಿನಿಂದ, ಪಕ್ಕದಿಂದ ಚಿತ್ರ ತೆಗೆಯುತ್ತದೆ. ಯಾರೂ ಮುಟ್ಟುವುದಿಲ್ಲ. ಒತ್ತುವುದಿಲ್ಲ, ನೋವಿಲ್ಲ. ಎಕ್ಸ್‌ರೇ ಕಿರಣವಿಲ್ಲ, ಏಕೆಂದರೆ ಕ್ಯಾಮರಾ ಏನನ್ನೂ ಬಿಡುವುದಿಲ್ಲ, ಮೈಯಿಂದ ಬರುವುದನ್ನು ತೆಗೆದುಕೊಳ್ಳುತ್ತದೆ ಅಷ್ಟೇ. ಒಂದು ಚಿತ್ರದಲ್ಲಿ ಲಕ್ಷಗಟ್ಟಲೆ ಬಿಂದುಗಳ ಉಷ್ಣತೆ ಇರುತ್ತದೆ. ಹಿಂದೆ ಇದನ್ನು ಮನುಷ್ಯರು ಕಣ್ಣಳತೆಯಲ್ಲಿ ಓದುತ್ತಿದ್ದರು. ಈಗ ಕಂಪ್ಯೂಟರಿಗೆ ರೋಗ ಇದ್ದವರ, ಇಲ್ಲದವರ ಚಿತ್ರಗಳನ್ನು ತೋರಿಸಿ ಕಲಿಸಿದ್ದಾರೆ. ಎಡ ಬಲದ ವ್ಯತ್ಯಾಸ, ಬಿಸಿ ಜಾಗದ ಆಕಾರ, ರಕ್ತನಾಳಗಳ ದಾರಿ ನೋಡಿ ಅದು ಅನುಮಾನ ಇದೆಯೋ ಇಲ್ಲವೋ ಹೇಳುತ್ತದೆ. ಇದಕ್ಕೆ ಥರ್ಮಾಲಿಟಿಕ್ಸ್ ಎಂದು ಹೆಸರಿಟ್ಟಿದ್ದಾರೆ. ಯಂತ್ರ ಚಿಕ್ಕದು, ಹಳ್ಳಿಗೆ ಒಯ್ಯಬಹುದು. ಮ್ಯಾಮೊಗ್ರಫಿ ಯಂತ್ರ ಹಾಗಲ್ಲ, ದೊಡ್ಡದು, ದುಬಾರಿ. ಅಲ್ಲದೆ ಚಿಕ್ಕ ವಯಸ್ಸಿನ ಹೆಂಗಸರಲ್ಲಿ ಸ್ತನದ ಮಾಂಸ ದಟ್ಟವಿರುವುದರಿಂದ ಎಕ್ಸ್‌ರೇಯಲ್ಲಿ ಗಡ್ಡೆ ಸುಲಭವಾಗಿ ಕಾಣುವುದಿಲ್ಲ. ನಮ್ಮ ದೇಶದಲ್ಲಿ ಪಶ್ಚಿಮದವರಿಗಿಂತ ಚಿಕ್ಕ ವಯಸ್ಸಿನಲ್ಲೇ ಈ ಕಾಯಿಲೆ ಕಾಣಿಸಿಕೊಳ್ಳುತ್ತದೆ.

ಕೇರಳದ ತ್ರಿಶೂರಿನ ಸಿ-ಮೆಟ್ ಎಂಬ ಸರ್ಕಾರಿ ಸಂಸ್ಥೆಯಲ್ಲಿ ಡಾ. ಎ. ಸೀಮಾ ಎಂಬ ವಿಜ್ಞಾನಿಯೂ ಬಿಸಿ ಅಳೆಯುವ ಸಣ್ಣ ಸಣ್ಣ ಸೆನ್ಸರುಗಳನ್ನು ಒಳಉಡುಪಿಗೇ ಜೋಡಿಸುವ ಉಪಾಯ ಮಾಡಿದ್ದಾರೆ. 2018ರ ನಾರಿ ಶಕ್ತಿ ಪುರಸ್ಕಾರ ಅವರಿಗೆ ಸಿಕ್ಕಿತು.

ಇಷ್ಟು ಕೇಳಿದ ಮೇಲೆ "ಹಾಗಾದರೆ ನಾಳೆಯೇ ಕ್ಯಾಮರಾ ತರಿಸೋಣ" ಎಂದು ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತ್ತು. ಆದರೆ ಸಹಕಾರಿ ಸಂಘದವರಿಗೆ ಲೆಕ್ಕ ನೋಡದೆ ಹೆಜ್ಜೆ ಇಡುವ ಅಭ್ಯಾಸ ಇಲ್ಲ. ಲೆಕ್ಕ ನೋಡೋಣ.

ಥರ್ಮಾಲಿಟಿಕ್ಸ್ ಬಗ್ಗೆ 2020ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಅಧ್ಯಯನ ಪ್ರಕಟವಾಯಿತು. ಅದನ್ನು ಮಾಡಿದವರಲ್ಲಿ ಕಂಪನಿಯವರೂ ಇದ್ದರು ಎಂಬುದನ್ನು ನೆನಪಿಟ್ಟುಕೊಂಡೇ ಓದಬೇಕು. 470 ಮಹಿಳೆಯರು. ಅವರಲ್ಲಿ 78 ಮಂದಿಗೆ ಕ್ಯಾನ್ಸರ್ ಇತ್ತು. ಈ ಪರೀಕ್ಷೆ ನೂರಕ್ಕೆ 91ರಂತೆ ಹಿಡಿಯಿತು. ಅಂದರೆ 71 ಮಂದಿಯದ್ದು ಸಿಕ್ಕಿತು, 7 ಮಂದಿಯದ್ದು ತಪ್ಪಿತು. ಕಾಯಿಲೆ ಇಲ್ಲದವರಲ್ಲಿ ನೂರಕ್ಕೆ 82 ಮಂದಿಗೆ ಸರಿಯಾಗಿ "ಇಲ್ಲ" ಎಂದಿತು. ಉಳಿದ 17-18 ಮಂದಿಗೆ ಕಾಯಿಲೆ ಇಲ್ಲದಿದ್ದರೂ ಅನುಮಾನ ತೋರಿಸಿತು. ಹಳೆಯ ಕಾಲಕ್ಕೆ ಹೋಲಿಸಿದರೆ ಇದು ಬಹಳ ಒಳ್ಳೆಯ ಫಲಿತಾಂಶ. ಆದರೆ ಆ 7 ಜನರಲ್ಲಿ ಒಬ್ಬಳು ನಮ್ಮ ಮನೆಯವಳಾದರೆ? ಮತ್ತೆ, ನಮ್ಮೂರಲ್ಲಿ ನೂರು ಆರೋಗ್ಯವಂತ ಹೆಂಗಸರನ್ನು ಕ್ಯಾಮರಾ ಮುಂದೆ ಕೂರಿಸಿದರೆ ಹದಿನೇಳು ಹದಿನೆಂಟು ಜನ ಹೆದರಿಕೊಂಡು ಮನೆಗೆ ಹೋಗುತ್ತಾರೆ. ಅವರನ್ನು ಮುಂದಿನ ಪರೀಕ್ಷೆಗೆ ಕರೆದುಕೊಂಡು ಹೋಗುವವರು ಯಾರು?

ಅಮೆರಿಕದ ಔಷಧ ನಿಯಂತ್ರಣ ಇಲಾಖೆ, ಎಫ್.ಡಿ.ಎ. ಎನ್ನುತ್ತಾರೆ, 2019ರಲ್ಲಿ ಸಾರ್ವಜನಿಕರಿಗೆ ಎಚ್ಚರಿಕೆ ಕೊಟ್ಟಿತು: ಶಾಖದ ಚಿತ್ರವನ್ನು ಮ್ಯಾಮೊಗ್ರಫಿಯ ಬದಲಿಗೆ ಬಳಸಬಾರದು. 2022ರಲ್ಲಿ ನಿರಾಮಯ್ ಕಂಪನಿಯ ಯಂತ್ರವೊಂದಕ್ಕೆ ಅದೇ ಇಲಾಖೆ ಅನುಮತಿ ಕೊಟ್ಟಾಗಲೂ ಜೊತೆಗೆ ಮಾಡುವ ಪರೀಕ್ಷೆ ಎಂಬ ಲೆಕ್ಕದಲ್ಲಿಯೇ ಕೊಟ್ಟಿತು. ಚಿಕಿತ್ಸೆ ನಡೆಯುವಾಗ ಗಡ್ಡೆಯ ಬಿಸಿ ಇಳಿಯುತ್ತಿದೆಯೇ ಎಂದು ಇದರಿಂದ ನೋಡುವ ಪ್ರಯತ್ನಗಳೂ ನಡೆದಿವೆ. ಅದೂ ಡಾಕ್ಟರರ ಬೇರೆ ಪರೀಕ್ಷೆಗಳ ಜೊತೆಗೇ ಹೊರತು ಅವುಗಳ ಬದಲಿಗೆ ಅಲ್ಲ. ಕ್ಯಾನ್ಸರ್ ಹೌದೋ ಅಲ್ಲವೋ ಎಂಬ ಕೊನೆಯ ತೀರ್ಪು ಯಾವ ಕ್ಯಾಮರಾವೂ ಕೊಡುವುದಿಲ್ಲ. ಗಡ್ಡೆಯ ಚೂರು ತೆಗೆದು ನೋಡುವ ಬಯಾಪ್ಸಿ ಪರೀಕ್ಷೆಯೇ ಅದನ್ನು ಹೇಳಬೇಕು.

ಇದು ಪುಸ್ತಕದ ಮಾತಾಯಿತು. ಕಣ್ಣಾರೆ ಕಂಡದ್ದು ಒಂದಿದೆ. ಎರಡು ವರ್ಷದ ಹಿಂದೆ ಒಂದು ಕಡೆ ಶಾಖದ ಕ್ಯಾಮರಾದ ಶಿಬಿರ ನಡೆಯಿತು. ನಾನು ಮೊದಲು ಹೇಳಿದ ಬೆಂಗಳೂರಿನವರದ್ದಲ್ಲ, ಬೇರೆಯವರದ್ದು. ಹೆಸರು ಬೇಡ. ನನ್ನ ಹೆಂಡತಿಯೂ ಹೋಗಿದ್ದಳು. ಯಾರೂ ಮುಟ್ಟುವುದಿಲ್ಲ ಎಂಬ ಒಂದೇ ಮಾತಿಗೆ, ಆಸ್ಪತ್ರೆ ಮೆಟ್ಟಿಲು ಹತ್ತದ ಹೆಂಗಸರೂ ಅವತ್ತು ಸರತಿಯಲ್ಲಿ ನಿಂತಿದ್ದರು. ಅದನ್ನು ನೋಡಿ ನನಗೆ ನಿಜಕ್ಕೂ ಸಂತೋಷವಾಯಿತು. ನಮ್ಮ ಪರಿಚಯದ ಒಬ್ಬ ತಾಯಿಗೆ "ಎಲ್ಲ ಸರಿ ಇದೆ" ಎಂಬ ಕಾಗದ ಸಿಕ್ಕಿತು. ಅವರಿಗೆ ಆಗಲೇ ಒಂದು ಸಣ್ಣ ಗಂಟು ಕೈಗೆ ತಾಗುತ್ತಿತ್ತು. ಶಿಬಿರದವರು ಕೇಳಲಿಲ್ಲ, ಇವರು ಹೇಳಲಿಲ್ಲ. ಕಾಗದವನ್ನು ದೇವರ ಗೂಡಿನಲ್ಲಿಟ್ಟು ನಿಶ್ಚಿಂತೆಯಿಂದ ಇದ್ದರು. ನಾಲ್ಕು ತಿಂಗಳ ನಂತರ ಮನೆಗೆ ಬಂದ ಆಶಾ ಕಾರ್ಯಕರ್ತೆ ಮಾತಿಗೆ ಮಾತು ತೆಗೆದು ವಿಚಾರಿಸಿದಾಗ ಗಂಟಿನ ಸುದ್ದಿ ಬಂತು. "ಕಾಗದ ಇದ್ದಲೆ?" ಎಂದರಂತೆ ಆ ತಾಯಿ. "ಕಾಗದ ಬದಿಗಿಡಿ ಅಮ್ಮಾ, ಗಂಟು ತೋರಿಸಲಿಕ್ಕೆ ಹೋಗುವ" ಎಂದು ಆಕೆ ಬಿಡದೆ ಕರೆದೊಯ್ದಳು. ಕ್ಯಾನ್ಸರೇ ಆಗಿತ್ತು. ಪುಣ್ಯಕ್ಕೆ ಇನ್ನೂ ಹರಡಿರಲಿಲ್ಲ. ಆಪರೇಷನ್ ಆಯಿತು. ಈಗ ತೋಟಕ್ಕೂ ಹೋಗುತ್ತಾರೆ, ಮೊಮ್ಮಗನನ್ನೂ ಎತ್ತಿಕೊಳ್ಳುತ್ತಾರೆ.

ಒಂದೇ ಊರಲ್ಲಿ ಎರಡು ಸಂಗತಿ. ಕ್ಯಾಮರಾ ಹೆಂಗಸರನ್ನು ಮನೆಯಿಂದ ಹೊರಗೆ ತಂದಿತು. ಪ್ರಾಣ ಉಳಿಸಿದ್ದು ಮಾತ್ರ ಆ ಕಾರ್ಯಕರ್ತೆ ಕೇಳಿದ ಒಂದು ಪ್ರಶ್ನೆ. ಹಾಗಾಗಿ ತಾಯಂದಿರೇ, ಇವತ್ತು ನಾನು ಹೇಳಿದ್ದರಲ್ಲಿ ಬೇರೆಲ್ಲ ಮರೆತರೂ ಇದೊಂದು ನೆನಪಿರಲಿ: ಕೈಗೆ ಗಂಟು ತಾಗಿದರೆ, ಯಾವ ಯಂತ್ರದ ಕಾಗದ ಏನೇ ಹೇಳಲಿ, ಡಾಕ್ಟರಿಗೆ ತೋರಿಸಬೇಕು. ನೋವಿಲ್ಲ ಎಂಬುದು ಧೈರ್ಯದ ಮಾತಲ್ಲ. ಈ ಗಂಟು ಶುರುವಿನಲ್ಲಿ ಹೆಚ್ಚಾಗಿ ನೋಯುವುದೇ ಇಲ್ಲ. ಮೊಲೆತೊಟ್ಟು ಒಳಗೆ ಎಳೆದುಕೊಂಡರೆ, ಅದರಿಂದ ರಕ್ತ ಬಂದರೆ, ಚರ್ಮ ಕಿತ್ತಳೆ ಸಿಪ್ಪೆಯಂತಾದರೆ, ಕಂಕುಳಲ್ಲಿ ಗಂಟು ಬಂದರೆ ಕೂಡ ತಡ ಮಾಡಬಾರದು. ಹೆದರಿಕೆಯೂ ಬೇಡ. ಬರುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಆಗಿರುವುದಿಲ್ಲ. ಅದನ್ನು ಡಾಕ್ಟರು ನೋಡಿ ಹೇಳಬೇಕು, ಗಂಧ ತೇಯುವ ನಾವು ಹೇಳುವುದಲ್ಲ.

ಕೈಯಿಂದ ಮುಟ್ಟಿ ಮಾಡುವ ಪರೀಕ್ಷೆಯನ್ನು ಯಾರೂ ಸಸಾರ ಮಾಡಬಾರದು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಒಂದೂವರೆ ಲಕ್ಷ ಬಡ ಹೆಂಗಸರನ್ನು ಸೇರಿಸಿ ಒಂದು ದೊಡ್ಡ ಪ್ರಯೋಗ ಶುರುಮಾಡಿದರು. ಅರ್ಧ ಜನರಿಗೆ ಎರಡು ವರ್ಷಕ್ಕೊಮ್ಮೆ ಕೈ ಪರೀಕ್ಷೆ ಮಾಡಿದರು. ಮಾಡಿದವರು ಡಾಕ್ಟರರಲ್ಲ, ತರಬೇತಿ ಪಡೆದ ಮಹಿಳಾ ಆರೋಗ್ಯ ಕಾರ್ಯಕರ್ತೆಯರು. ಇಪ್ಪತ್ತು ವರ್ಷ ನೋಡಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಪರೀಕ್ಷೆ ಮಾಡಿಸಿಕೊಂಡವರಲ್ಲಿ ಕಾಯಿಲೆ ಬೇಗ ಸಿಕ್ಕಿತು. ಐವತ್ತು ದಾಟಿದವರಲ್ಲಿ ಈ ಕಾಯಿಲೆಯ ಸಾವು ನೂರಕ್ಕೆ ಸುಮಾರು ಮೂವತ್ತು ಕಡಿಮೆಯಾಯಿತು. ಐವತ್ತರ ಕೆಳಗಿನವರಲ್ಲಿ ಅಂಥ ಲಾಭ ಕಾಣಲಿಲ್ಲ ಎಂಬುದನ್ನೂ ಅವರೇ ಹೇಳಿದ್ದಾರೆ. ಎಂತಲೇ ಚಿಕ್ಕವರಿಗಾಗಿ ಹೊಸ ದಾರಿ ಹುಡುಕುವ ಕೆಲಸ ಇನ್ನೂ ನಡೆಯಬೇಕು. ಸರ್ಕಾರದ ಕಾರ್ಯಕ್ರಮದಲ್ಲಿ ಮೂವತ್ತು ದಾಟಿದ ಎಲ್ಲ ಹೆಂಗಸರಿಗೂ ಈ ಕೈ ಪರೀಕ್ಷೆ ಉಚಿತವಾಗಿ ಇದೆ. ನಮ್ಮ ಆರೋಗ್ಯ ಕೇಂದ್ರದಲ್ಲೇ ಕೇಳಬಹುದು. ಎಷ್ಟು ಜನ ಕೇಳಿದ್ದೇವೆ?

ಈಗ ಸಂಘದ ವಿಷಯ. ಬೆಳ್ಳಿಹಬ್ಬದ ನೆನಪಿಗೆ ಏನು ಮಾಡೋಣ ಎಂಬ ಚರ್ಚೆ ಆಡಳಿತ ಮಂಡಳಿಯಲ್ಲಿ ನಡೆದಿದೆ. ಸಂಘದ ಬಾಗಿಲಿಗೆ ಕಮಾನು ಕಟ್ಟಿಸೋಣ ಎಂದವರಿದ್ದಾರೆ. ಶಾಖದ ಕ್ಯಾಮರಾದ ಒಂದು ಶಿಬಿರ ಮಾಡಿ ಫೋಟೋ ಹಾಕಿಸೋಣ ಎಂದವರೂ ಇದ್ದಾರೆ. ಶಿಬಿರ ಬೇಡ ಎಂದು ನಾನು ಹೇಳುವುದಿಲ್ಲ. ಆದರೆ ಒಂದು ದಿನದ ಶಿಬಿರ ಮಾಡಿ ಕೈ ತೊಳೆದುಕೊಳ್ಳುವುದಕ್ಕೆ ನನ್ನ ವಿರೋಧವಿದೆ. ಮಾಡುವುದಾದರೆ ನಾಲ್ಕು ಕೆಲಸ ಒಟ್ಟಿಗೆ ಆಗಬೇಕು.

ಒಂದು, ಕ್ಯಾಮರಾ ಪಕ್ಕದಲ್ಲೇ ಕೈ ಪರೀಕ್ಷೆ ಮಾಡುವ ಲೇಡಿ ಡಾಕ್ಟರೋ ತರಬೇತಿ ಆದ ನರ್ಸೋ ಇರಬೇಕು. "ಗಂಟು ಇದೆಯಾ?" ಎಂದು ಪ್ರತಿಯೊಬ್ಬರನ್ನೂ ಕೇಳಬೇಕು.

ಎರಡು, ಅನುಮಾನ ಬಂದವರನ್ನು ವಾರದೊಳಗೆ ಮುಂದಿನ ಪರೀಕ್ಷೆಗೆ ಕರೆದೊಯ್ಯಲು ಸಂಘದ ಖರ್ಚಿನಲ್ಲಿ ವಾಹನ ಬೇಕು. ಶಿರಸಿಯಿಂದ ಹುಬ್ಬಳ್ಳಿಗೆ ನೂರು ಕಿಲೋಮೀಟರು. ಸಿದ್ದಾಪುರದ ಒಳಗಿನ ಹಳ್ಳಿಯವರಿಗೆ ಶಿರಸಿ ತಲುಪುವುದೇ ಅರ್ಧ ದಿನದ ಕೆಲಸ. ಯಲ್ಲಾಪುರದವರಿಗೆ ಹುಬ್ಬಳ್ಳಿ ಹತ್ತಿರ ಎಂದರೂ ಘಟ್ಟದ ಮೂಲೆಯ ಮನೆಯಿಂದ ರಸ್ತೆಗೆ ಬರಬೇಕಲ್ಲ. ಒಬ್ಬಳೇ ಹೋಗು ಎಂದರೆ ಯಾವ ಹೆಂಗಸೂ ಹೋಗುವುದಿಲ್ಲ. ನಾಲ್ಕು ಜನ ಕೂಡಿ ಹೋಗುವಂತೆ ಮಾಡಿದರೆ ಹೋಗುತ್ತಾರೆ. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ, ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ಇದೆ. ದಾರಿ ಗೊತ್ತಿದ್ದವರು ಜೊತೆಗೆ ಬೇಕು ಅಷ್ಟೇ.

ಮೂರು, ಹೆಸರಿನ ಪುಸ್ತಕ. ಅದು ನಮ್ಮ ಮಹಿಳಾ ನಿರ್ದೇಶಕಿಯರ ಹತ್ತಿರ ಮಾತ್ರ, ಬೀಗದೊಳಗೆ ಇರಬೇಕು. ಯಾರಿಗೆ ಏನು ಬಂತು ಎಂಬುದು ಊರ ಸುದ್ದಿ ಆಗಬಾರದು. ಮಗಳ ಮದುವೆಗೆ ಅಡ್ಡಿ ಬರುತ್ತದೆ ಎಂಬ ಹೆದರಿಕೆಯಿಂದಲೇ ನನ್ನ ಅತ್ತಿಗೆ ಬಾಯಿ ಬಿಡಲಿಲ್ಲ. ಅದನ್ನು ನಾವು ಮರೆಯಬಾರದು.

ನಾಲ್ಕು, ಹಣ. ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆಯ ಸೌಲಭ್ಯ ಇದೆ. ಕಾರ್ಡು, ಕಾಗದಪತ್ರ ಸರಿ ಮಾಡಿಕೊಡಲು ನಮ್ಮ ಗುಮಾಸ್ತರು ಸಹಾಯ ಮಾಡಬಹುದು. ಸಹಕಾರಿಗಳ ಯಶಸ್ವಿನಿ ಯೋಜನೆ ರೈತರ ಆಪರೇಷನ್ ಖರ್ಚಿಗೆ ಆಸರೆಯಾದದ್ದು ನಿಮಗೆಲ್ಲ ಗೊತ್ತು. ಅದರ ಹೆಸರು ನೋಂದಣಿ ಸಂಘಗಳ ಮೂಲಕವೇ ನಡೆದದ್ದು. ಇವುಗಳಲ್ಲಿ ಸೇರದ ಖರ್ಚಿಗೆ, ಹೋಗಿ ಬರುವುದಕ್ಕೆ, ಅಲ್ಲಿ ಉಳಿಯುವುದಕ್ಕೆ, ಸಂಘದಿಂದ ಒಂದು ಸಣ್ಣ ತುರ್ತು ಸಾಲ ಇಡೋಣ. ಗೊಬ್ಬರಕ್ಕೆ ಕೊಡುತ್ತೇವೆ, ಪಂಪ್‌ಸೆಟ್ಟಿಗೆ ಕೊಡುತ್ತೇವೆ. ಇದಕ್ಕೂ ಕೊಡೋಣ.

ಕೊಳೆರೋಗಕ್ಕೆ ಮಳೆ ಹಿಡಿಯುವ ಮೊದಲು ಬೋರ್ಡೋ ಹೊಡೆಯುತ್ತೇವೆ. ಈ ಕಾಯಿಲೆಗೆ ಹಾಗೆ ಮುಂಚೆ ಹೊಡೆಯುವ ಮದ್ದು ಇಲ್ಲ. ಬೇಗ ಕಂಡುಹಿಡಿಯುವುದೊಂದೇ ನಮ್ಮ ಕೈಯಲ್ಲಿರುವುದು. ಶಾಖದ ಕ್ಯಾಮರಾ ಅದಕ್ಕೆ ಒಂದು ಸಾಧನ. ಇನ್ನೂ ಚೆನ್ನಾಗಿ ಆಗಲಿ, ಅಗ್ಗವಾಗಲಿ ಎಂದು ಹಾರೈಸೋಣ. ಆದರೆ ಅದರ ಕಾಗದ ಕೈಗೆ ಬಂದ ಮೇಲಿನ ದಾರಿಯನ್ನು ಯಾವ ಕಂಪನಿಯೂ ಮಾಡಿಕೊಡುವುದಿಲ್ಲ. ಆ ದಾರಿ ಮಾಡುವುದು ಸಂಘದ ಕೆಲಸ. ಎಲ್ಲರಿಗಾಗಿ ನಾನು, ನನಗಾಗಿ ಎಲ್ಲರೂ ಎಂದು ಇಪ್ಪತ್ತೈದು ವರ್ಷದಿಂದ ಹೇಳುತ್ತ ಬಂದಿದ್ದೇವಲ್ಲ, ಅದರ ಅರ್ಥ ಇದೇ.

ಗಂಡಸರಿಗೆ ಕೊನೆಯ ಒಂದು ಮಾತು. ಇವತ್ತು ಮನೆಗೆ ಹೋದ ಮೇಲೆ, ಊಟ ಆದ ಮೇಲೆ, ಹೆಂಡತಿಯನ್ನು, ಆಯಿಯನ್ನು, ಅತ್ತಿಗೆಯನ್ನು ಒಮ್ಮೆ ಕೇಳಿ: "ಏನಾದರೂ ಇದ್ದರೆ ಹೇಳು, ನಾಳೆಯೇ ಹೋಗುವ." ಆ ಹದಿನಾಲ್ಕು ತಿಂಗಳಲ್ಲಿ ನಮ್ಮ ಮನೆಯಲ್ಲಿ ಯಾರೂ ಈ ಮಾತು ಕೇಳಲಿಲ್ಲ. ನಾನೂ ಕೇಳಲಿಲ್ಲ.